ಗೇರ್ ಹಾಕಿದ ತಕ್ಷಣ ಪಿಕಪ್ ಆಫ್ ಆಗುತ್ತೆ: ಡೀಸೆಲ್ ಪಂಪಾ, ಕ್ಲಚ್ಚಾ?

ಪ್ರಶ್ನೆ: ಅಣ್ಣ, ನಂದು 2016ರ ಡೀಸೆಲ್ ಪಿಕಪ್. ಚಿಂತಾಮಣಿ ಕಡೆಯಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೀತೀನಿ. ನ್ಯೂಟ್ರಲ್‌ನಲ್ಲಿ ಎಷ್ಟು ಹೊತ್ತು ಬಿಟ್ಟರೂ ಎಂಜಿನ್ ಚೆನ್ನಾಗಿ ಓಡುತ್ತೆ. ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಹಾಕ್ತಿದ್ದಂಗೆ ಗಾಡಿ ಮುಂದಕ್ಕೆ ಜಗ್ಗಿ ಆಫ್ ಆಗುತ್ತೆ. ರಿವರ್ಸ್ ಹಾಕಿದರೆ ಕರಕರ ಸದ್ದು. ಗ್ಯಾರೇಜ್‌ನಲ್ಲಿ ಡೀಸೆಲ್ ಪಂಪ್ ಬಿಚ್ಚಬೇಕು ಅಂದರು. ಬಿಚ್ಚಿಸಲಾ?

ಮೆಕ್ಯಾನಿಕ್ ಉತ್ತರ: ಸದ್ಯಕ್ಕೆ ಪಂಪ್ ಮುಟ್ಟಿಸಬೇಡಿ. ಎಂಜಿನ್ ಹೇಗೆ ನಿಲ್ಲುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ಡೀಸೆಲ್ ಸಾಲದೆ ನಿಲ್ಲೋ ಎಂಜಿನ್ ಮುಗ್ಗರಿಸ್ತಾ, ನಡುಗ್ತಾ ನಿಲ್ಲುತ್ತೆ. ಲೋಡ್‌ನಲ್ಲಿ ಏರು ಹತ್ತೋವಾಗಲೂ ಎಳೆಯಲ್ಲ. ಕೀ ಆಫ್ ಮಾಡಿದಂಗೆ ಫಟ್ಟಂತ ನಿಂತರೆ ವೈರಿಂಗ್ ನೋಡಬೇಕು. ನಿಮ್ಮದು ಜಗ್ಗಿ ನಿಲ್ತಿದೆ, ಅದೂ ಕಾಲು ಕ್ಲಚ್ ಮೇಲಿರುವಾಗಲೇ. ಅಂದರೆ ಕ್ಲಚ್ ಪೂರ್ತಿ ಬಿಡ್ತಿಲ್ಲ. ಎಂಜಿನ್ ತಿರುಗ್ತಿದೆ, ಚಕ್ರ ನಿಂತಿದೆ, ಎರಡೂ ಒಂದಕ್ಕೊಂದು ಕಚ್ಚಿಕೊಂಡೇ ಇವೆ. ಐಡ್ಲಿಂಗ್‌ನಲ್ಲಿ ಲೋಡ್ ಗಾಡಿ ಎಳೆಯೋ ಶಕ್ತಿ ಎಂಜಿನ್‌ಗೆ ಇರಲ್ಲ, ಆಫ್ ಆಗುತ್ತೆ.

ಬಯಲು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದೆ ಮುಂದೆ ಯಾರೂ ಇಲ್ಲದಾಗ ಹೀಗೆ ನೋಡಿ. ಎಂಜಿನ್ ಆಫ್ ಇರುವಾಗ ಎಲ್ಲ ಗೇರೂ ಸಲೀಸಾಗಿ ಬೀಳುತ್ತಾ? ಆಮೇಲೆ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿ ಹಿಡಿದು ಐದಾರು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಕ್ಲಚ್ ಸರಿ ಬಿಟ್ಟಿದ್ದರೆ ಅಷ್ಟರಲ್ಲಿ ಒಳಗಿನ ಶಾಫ್ಟ್ ನಿಂತಿರುತ್ತೆ, ಸದ್ದು ಬರಲ್ಲ. ಆಗಲೂ ಕರಕರ ಅಂದರೆ ಕ್ಲಚ್ ದೋಷ ಅಂತ ಹೆಚ್ಚುಕಮ್ಮಿ ಖಾತ್ರಿ. ಕ್ಲಚ್ ಆಯಿಲ್ ಡಬ್ಬಿಯಲ್ಲಿ ಲೆವೆಲ್ ಎಷ್ಟಿದೆ, ಪೆಡಲ್ ಹತ್ತಿರ ಕಾರ್ಪೆಟ್ ಒದ್ದೆಯಾಗಿದೆಯಾ ನೋಡಿ ಹೇಳಿ.

ಪ್ರಶ್ನೆ ಕೇಳಿದವರು: ನೋಡಿದೆ ಅಣ್ಣ. ಆಫ್ ಇದ್ದಾಗ ಎಲ್ಲ ಗೇರೂ ಬೀಳುತ್ತೆ. ಸ್ಟಾರ್ಟ್‌ನಲ್ಲಿ ತಡೆದು ಹಾಕಿದರೂ ರಿವರ್ಸ್ ಸದ್ದು ಮಾಡ್ತು. ಆಯಿಲ್ ಮಿನಿಮಮ್ ಗೆರೆಗಿಂತ ಕೆಳಗಿದೆ, ಕಾರ್ಪೆಟ್ ಒಣಗಿದೆ. ಪೆಡಲ್ ಮೂರ್ನಾಲ್ಕು ಸಲ ಬೇಗ ಬೇಗ ತುಳಿದರೆ ಗೇರ್ ಸಲೀಸಾಗಿ ಬೀಳುತ್ತೆ, ಎಂಜಿನ್ನೂ ನಿಲ್ಲಲ್ಲ!

ಮೆಕ್ಯಾನಿಕ್ ಉತ್ತರ: ಸಿಕ್ಕಿತು ನೋಡಿ. ತುಳಿದು ತುಳಿದು ಪ್ರೆಶರ್ ಬರುತ್ತೆ ಅಂದರೆ ಕ್ಲಚ್ ಪ್ಲೇಟ್ ಇನ್ನೂ ಕೆಲಸ ಮಾಡ್ತಿದೆ, ಕ್ಲಚ್ ಆಯಿಲ್ ಹೋಗೋ ಲೈನ್‌ನಲ್ಲಿ ಏರ್ ಇದೆ ಅಥವಾ ಆ ಆಯಿಲ್ ಒತ್ತೋ ಕ್ಲಚ್ ಸಿಲಿಂಡರ್‌ನ ರಬ್ಬರ್ ವಾಷರ್ ಹೋಗಿದೆ. ಗೇರ್‌ಬಾಕ್ಸ್ ಇಳಿಸೋ ಖರ್ಚು ಬಹುಶಃ ಉಳೀತು.

ಮುಂದಿನದು ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ಮಾಡಿ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಯಾರೂ ಹೋಗಬಾರದು. ಬೆಲ್ ಹೌಸಿಂಗ್ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ ಮುಚ್ಚಿರೋ ಕವಚ) ಪಕ್ಕ ಕ್ಲಚ್‌ನ ಕೆಳಗಿನ ಸಿಲಿಂಡರ್ ಇರುತ್ತೆ. ಅದರ ರಬ್ಬರ್ ಟೋಪಿಯ ಅಂಚು ಸ್ವಲ್ಪ ಸರಿಸಿ. ಒಳಗೆ ಒದ್ದೆ ಇದ್ದರೆ, ಧೂಳು ಅಂಟಿ ಕಪ್ಪು ಕೆಸರು ಕಟ್ಟಿದ್ದರೆ ಆಯಿಲ್ ಹೋಗ್ತಿರೋದು ಅಲ್ಲೇ. ಅದು ಒಣಗಿದ್ದು ಲೆವೆಲ್ ಮಾತ್ರ ಇಳೀತಿದ್ದರೆ ಪೈಪ್ ಮತ್ತು ಅದರ ಜಾಯಿಂಟ್ ನೋಡಿ. ಎಲ್ಲೂ ಲೀಕ್ ಕಾಣದೆ, ಒತ್ತಿ ಹಿಡಿದ ಪೆಡಲ್ ನಿಧಾನಕ್ಕೆ ಕೆಳಗೆ ಕೂತರೆ ಪೆಡಲ್ ಹತ್ತಿರ ಇರೋ ಮೇಲಿನ ಮಾಸ್ಟರ್ ಸಿಲಿಂಡರ್ ಒಳಗಡೆ ಬೈಪಾಸ್ ಆಗ್ತಿದೆ, ಅಂದರೆ ಆಯಿಲ್ ವಾಷರ್ ದಾಟಿ ಜಾರ್ತಿದೆ ಅಂತ ಲೆಕ್ಕ.

ಹಾಳಾಗಿರೋ ಸಿಲಿಂಡರ್‌ಗೆ ವಾಷರ್ ಕಿಟ್ ಹಾಕಿಸಿ. ಸಿಲಿಂಡರ್ ಒಳಗೋಡೆಯಲ್ಲಿ ಗೀರು, ತುಕ್ಕು ಇದ್ದರೆ ಹೊಸ ವಾಷರ್ ಬಾಳಿಕೆ ಬರಲ್ಲ, ಸಿಲಿಂಡರನ್ನೇ ಬದಲಿಸಿ. ಡಬ್ಬಿ ಮುಚ್ಚಳದ ಮೇಲೆ ಬರೆದಿರೋ ಬ್ರೇಕ್ ಆಯಿಲ್, ಡಾಟ್ 3 ಅಥವಾ ಡಾಟ್ 4, ಅದನ್ನೇ ಹಾಕಿ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಅಪ್ಪಿತಪ್ಪಿಯೂ ಬೇಡ, ರಬ್ಬರ್ ಎಲ್ಲ ಊದಿ ಹಾಳಾಗುತ್ತೆ. ಏರ್ ತೆಗೆಯೋವಾಗ ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ಕೆಳಗಿನ ಸಿಲಿಂಡರ್‌ನಲ್ಲಿರೋ ಏರ್ ಬಿಡೋ ನಿಪ್ಪಲ್ ಸಡಿಲಿಸಿ, ಪೆಡಲ್ ಮೇಲೆ ಬರೋದಕ್ಕೆ ಮುಂಚೆಯೇ ಟೈಟ್ ಮಾಡಬೇಕು. ಗುಳ್ಳೆ ನಿಲ್ಲೋವರೆಗೂ ಹೀಗೇ. ಮಧ್ಯೆ ಮಧ್ಯೆ ಡಬ್ಬಿ ತುಂಬಿಸ್ತಾ ಇರಿ, ಖಾಲಿಯಾದರೆ ಮತ್ತೆ ಏರ್ ಎಳೆಯುತ್ತೆ. ಇಷ್ಟಾದ ಮೇಲೂ ಕೆಳಗಿನ ಸಿಲಿಂಡರ್‌ನ ರಾಡ್ ಪೂರ್ತಿ ಚಾಚಿದರೂ ಕ್ಲಚ್ ಬಿಡದಿದ್ದರೆ ಮಾತ್ರ ಗೇರ್‌ಬಾಕ್ಸ್ ಇಳಿಸಿ ಡಿಸ್ಕ್, ಪ್ರೆಶರ್ ಪ್ಲೇಟ್, ಪೈಲಟ್ ಬೇರಿಂಗ್ ನೋಡಬೇಕು.

ರಿಪೇರಿ ಆಗೋವರೆಗೂ ಲೋಡ್ ಹೊಡೀಬೇಡಿ. ಮಂಡಿಯಲ್ಲಿ ಹಮಾಲರು ಗಾಡಿ ಮುಂದೆಯೇ ಕ್ರೇಟ್ ಹೊತ್ತು ಓಡಾಡ್ತಿರ್ತಾರೆ. ಗೇರ್ ಬಿದ್ದ ತಕ್ಷಣ ಜಗ್ಗೋ ಗಾಡಿ ಅಲ್ಲಿ ತುಂಬಾ ಅಪಾಯ. ಸಾಲದ್ದಕ್ಕೆ ಕೆಲವು ಗಾಡಿಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಆಯಿಲ್ ಡಬ್ಬಿ, ಲೆವೆಲ್ ಇಳಿದರೆ ಬ್ರೇಕ್‌ಗೂ ತೊಂದರೆ ಆಗಬಹುದು.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಗಾಡಿ ಬರೀ ರಿವರ್ಸ್‌ಗೆ ಹಾಕಿದಾಗ ಆಫ್ ಆಗುತ್ತೆ. ಜಗ್ಗಲ್ಲ, ಫಟ್ಟಂತ ನಿಲ್ಲುತ್ತೆ. ಮತ್ತೆ ಸ್ಟಾರ್ಟೂ ಆಗಲ್ಲ. ಇದೂ ಕ್ಲಚ್ಚಾ?

ಮೆಕ್ಯಾನಿಕ್ ಉತ್ತರ: ಅಲ್ಲ ಸರ್, ಮೊದಲು ಫ್ಯೂಸ್ ನೋಡಿ. ಗೇರ್‌ಬಾಕ್ಸ್ ಮೇಲಿರೋ ರಿವರ್ಸ್ ಲೈಟ್ ಸ್ವಿಚ್‌ನ ವೈರ್ ಸೈಲೆನ್ಸರ್ ಪೈಪಿಗೆ ತಾಗಿ ಕರಗಿ ಗಾಡಿಯ ಲೋಹದ ಬಾಡಿಗೆ ಶಾರ್ಟ್ ಆದರೆ ಹೀಗಾಗುತ್ತೆ. ಎಂಜಿನ್ ಕಂಟ್ರೋಲ್‌ಗೂ ರಿವರ್ಸ್ ಲೈಟ್‌ಗೂ ಒಂದೇ ಫ್ಯೂಸ್ ಇರೋ ಗಾಡಿಯಲ್ಲಿ ರಿವರ್ಸ್ ಬಿದ್ದ ಕೂಡಲೇ ಫ್ಯೂಸ್ ಹೋಗಿ ಎಂಜಿನ್ನೂ ನಿಲ್ಲುತ್ತೆ. ಸ್ವಿಚ್‌ನ ಕಪ್ಲರ್ (ವೈರ್ ಸೇರಿಸೋ ಪ್ಲಗ್) ಬಿಚ್ಚಿಟ್ಟು, ಅಷ್ಟೇ ಆಂಪ್ಸ್‌ನ ಹೊಸ ಫ್ಯೂಸ್ ಹಾಕಿ ರಿವರ್ಸ್ ಹಾಕಿ. ನಿಲ್ಲದಿದ್ದರೆ ಆ ಸ್ವಿಚ್ಚು, ಅಲ್ಲಿಂದ ಹಿಂದಿನ ಲೈಟ್‌ವರೆಗಿನ ವೈರು, ಹೋಲ್ಡರ್ ಪೂರ್ತಿ ಚೆಕ್ ಮಾಡಿಸಿ. ಫ್ಯೂಸ್ ಜಾಗಕ್ಕೆ ತಂತಿ ಸುತ್ತಬೇಡಿ, ವೈರಿಂಗೇ ಸುಟ್ಟುಹೋಗುತ್ತೆ.