ಪದಚರ್ಚೆ: ಮಕ್ಕಳ ವಾರ್ಡಿನ ಬೋರ್ಡಿಗೆ ‘ಆ್ಯಂಟಿಬಯಾಟಿಕ್’ ಬದಲು ಯಾವ ಪದ? (ತುರ್ತು)

ಬಳಗದವರಿಗೆ ನಮಸ್ಕಾರ.

ಸೋಮವಾರ ಬೆಳಗ್ಗೆ ಒಂದು ಬೋರ್ಡು ಪ್ರಿಂಟಿಗೆ ಹೋಗಬೇಕು. ಮಕ್ಕಳ ಕ್ಯಾನ್ಸರ್ ವಾರ್ಡಿನ ಗೋಡೆಗೆ ಹಾಕುವ ಬೋರ್ಡು. ಓದುವವರು ಮಗುವಿನ ಮಂಚದ ಪಕ್ಕ ಚಾಪೆ ಹಾಸಿಕೊಂಡು ವಾರಗಟ್ಟಲೆ ಇರುವ ಅಪ್ಪ, ಅಮ್ಮ, ಅಜ್ಜಿ. ಅನುವಾದ ನನ್ನದು.

ವಿಷಯ ಹೀಗಿದೆ. ಕೀಮೋ ಆದ ಮೇಲೆ ಮಗುವಿನ ಬಿಳಿ ರಕ್ತಕಣಗಳು ಇಳಿಯುತ್ತವೆ. ಆಗ ಜ್ವರ ಬಂದರೆ ಕಾಯುವ ಹಾಗಿಲ್ಲ. ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ನರಕ್ಕೆ ಹೋಗಬೇಕು ಅಂತ ಡಾಕ್ಟರುಗಳು ಓಡಾಡುತ್ತಾರೆ. ಆದರೆ ಅದೇ ಔಷಧಿ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಆ ಖಾಲಿ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯಿಡಿಸ್ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ನೀರಿನಂಥ ಭೇದಿ, ಹೊಟ್ಟೆನೋವು, ಜ್ವರ ಶುರುವಾಗುತ್ತದೆ. ಕ್ಯಾನ್ಸರ್ ಇರುವ ಮಕ್ಕಳಿಗೆ ಈ ಅಪಾಯ ಬೇರೆ ಮಕ್ಕಳಿಗಿಂತ ಜಾಸ್ತಿ. ಪದೇ ಪದೇ ಆ್ಯಂಟಿಬಯಾಟಿಕ್, ಆಸ್ಪತ್ರೆಯಲ್ಲೇ ವಾಸ, ಜೊತೆಗೆ ಕೀಮೋ ಕರುಳಿನ ಒಳಪದರವನ್ನೂ ಹಾಳು ಮಾಡಿರುತ್ತದೆ.

ಬೇಕಾದ ಪದ ಮೂರು. ಒಂದು, ಆ್ಯಂಟಿಬಯಾಟಿಕ್. ಎರಡು, ಈ ಕರುಳಿನ ಕಾಯಿಲೆ. ‘ಕರುಳಿನ ಸೋಂಕು’ ಸಾಕಾ? ಮೂರು, ಈ ಬ್ಯಾಕ್ಟೀರಿಯಾ ಗಟ್ಟಿ ಕವಚ ಕಟ್ಟಿಕೊಂಡು ಮಂಚದ ಕಂಬಿ, ಬಾಗಿಲ ಹಿಡಿಯ ಮೇಲೆ ತಿಂಗಳುಗಟ್ಟಲೆ ಉಳಿಯುವ ರೂಪ. ಪಠ್ಯದಲ್ಲಿ ‘ಬೀಜಾಣು’ ಅಂತಿದೆ. ಸ್ಯಾನಿಟೈಸರಿಗೆ ಇದು ಸಾಯುವುದಿಲ್ಲ. ಅದಕ್ಕೇ ಬೋರ್ಡಿನಲ್ಲಿ ಇದನ್ನು ಬಿಡುವ ಹಾಗಿಲ್ಲ.

— ಬೆಂಗಳೂರಿನಿಂದ

ಉತ್ತರ, ಮೈಸೂರಿನಿಂದ:

ಪ್ರತಿಜೈವಿಕ. ಪಠ್ಯಪುಸ್ತಕದಲ್ಲಿದೆ. ಇದಕ್ಕೆ ಚರ್ಚೆ ಯಾಕೆ?

ಉತ್ತರ, ಶಿವಮೊಗ್ಗದಿಂದ:

‘ಪ್ರತಿ’ಯೂ ನಮ್ಮದಲ್ಲ, ‘ಜೈವಿಕ’ವೂ ನಮ್ಮದಲ್ಲ. ಒಬ್ಬರ ಸಾಲ ತೀರಿಸಲು ಇನ್ನೊಬ್ಬರ ಹತ್ತಿರ ಸಾಲ ಮಾಡಿದ ಹಾಗಾಯಿತು. ನನ್ನ ಸಲಹೆ ‘ಹುಳುಕೊಲ್ಲಿ’. ಕೊಲ್ಲು, ಕೊಲ್ಲಿ. ಓದಿದ ಕೂಡಲೇ ಅರ್ಥವಾಗುತ್ತದೆ.

‘ಸೋಂಕು’ ಮಾತ್ರ ಬಿಡಬೇಡಿ. ಅಪ್ಪಟ ಕನ್ನಡ, ಮೂಲ ಅರ್ಥ ತಾಗುವುದು. ಪಂಪ ಬನವಾಸಿಯನ್ನು ನೆನೆಯುವ ಪದ್ಯದಲ್ಲಿ ಸೋಂಕುವುದು ತೆಂಕಣ ಗಾಳಿ. ಅಂಥ ಪದ ನಮ್ಮ ಮನೆಯಲ್ಲೇ ಇದ್ದಾಗ ಬೇರೆಯವರ ಬಾಗಿಲಿಗೆ ಯಾಕೆ ಹೋಗಬೇಕು? ಇನ್ನು ಆ ಬ್ಯಾಕ್ಟೀರಿಯಾದ ಹೆಸರು. ಗ್ರೀಕಿನಲ್ಲಿ ‘ಕ್ಲೋಸ್ಟರ್’ ಅಂದರೆ ನೂಲುವ ಕದಿರು. ಆಕಾರ ನೋಡಿ ಇಟ್ಟ ಹೆಸರು. ‘ಕದಿರಾಣು’ ಅನ್ನಿ, ಎಷ್ಟು ಚೆನ್ನಾಗಿದೆ!

ಉತ್ತರ, ಧಾರವಾಡದಿಂದ:

ಹುಳುಕೊಲ್ಲಿ ಬೇಡವೇ ಬೇಡ. ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಾರೆ. ತಾಯಂದಿರು ಅದೇ ಇದು ಅಂದುಕೊಳ್ಳುತ್ತಾರೆ.

ಮೇಡಂ, ‘ಭೇದಿ’ ಬಗ್ಗೆ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ನಮ್ಮ ಕಡೆ ಜನ ‘ಜುಲಾಬು’ ಅನ್ನುತ್ತಾರೆ. ಫಾರಸಿಯ ‘ಗುಲಾಬ್’ ಇದರ ಮೂಲ. ಗುಲ್ ಅಂದರೆ ಗುಲಾಬಿ, ಆಬ್ ಅಂದರೆ ನೀರು. ಅರಬ್ಬಿಗೆ ಹೋಗಿ ‘ಜುಲಾಬ್’ ಆಯಿತು, ಮುಂದೆ ಹೊಟ್ಟೆ ತೊಳೆಯುವ ಔಷಧಿಯ ಹೆಸರಾಯಿತು, ಕೊನೆಗೆ ಹೊಟ್ಟೆ ಕೆಡುವುದಕ್ಕೇ ಹೆಸರಾಯಿತು. ಹೊರಗಿನ ಪದ ಅಂತ ನಮ್ಮಜ್ಜಿ ಅದನ್ನು ಹೊರಗಿಡಲಿಲ್ಲ. ಶಿವಮೊಗ್ಗದ ಮೇಷ್ಟ್ರು ‘ಬ್ಯಾಕ್ಟೀರಿಯಾ’ ಅಂತ ಆರಾಮಾಗಿ ಬರೆಯುತ್ತಾರೆ, ‘ಆ್ಯಂಟಿಬಯಾಟಿಕ್’ ಬಂದಾಗ ಮಾತ್ರ ಬಾಗಿಲು ಹಾಕುತ್ತಾರೆ. ಯಾವ ಲೆಕ್ಕ ಇದು?

ಉತ್ತರ, ಶಿವಮೊಗ್ಗದಿಂದ:

ಲೆಕ್ಕ ಸರಿಯಾಗಿಯೇ ಇದೆ. ‘ಜುಲಾಬು’ ಬಾಯಿಂದ ಬಾಯಿಗೆ ಬಂತು. ಇಂದಿನ ಪದಗಳು ಆಸ್ಪತ್ರೆಯ ಕಾಗದದಿಂದ ಇಳಿಯುತ್ತಿವೆ. ಎಲ್ಲವನ್ನೂ ಹಾಗೇ ಇಟ್ಟುಕೊಂಡರೆ ಪದ ಕಟ್ಟುವ ಶಕ್ತಿಯೇ ಹೋಗುತ್ತದೆ. ನನಗೆ ಇದು ಸಣ್ಣ ವಿಷಯ ಅಲ್ಲ.

ಉತ್ತರ, ಬೆಂಗಳೂರಿನಿಂದ:

ಮೇಷ್ಟ್ರೇ, ನನಗೂ ಸಣ್ಣ ವಿಷಯ ಅಲ್ಲ. ಅದಕ್ಕೇ ನಿಮ್ಮೆಲ್ಲರ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನಿನ್ನೆ ವಾರ್ಡಿಗೆ ಹೋಗಿದ್ದೆ.

ರಾಯಚೂರು ಕಡೆಯ ಒಬ್ಬ ಅಪ್ಪ. ಹೊಲ ಮಾಡುವವರು. ಮಗನಿಗೆ ರಕ್ತದ ಕ್ಯಾನ್ಸರ್. ‘ಪ್ರತಿಜೈವಿಕ’ದ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ, “ಜೈವಿಕ ಗೊಬ್ಬರ ಇರ್ತದಲ್ರಿ, ಹಂಗೇನು?” ಅಂದರು. ಅವರ ತಪ್ಪೇನೂ ಇಲ್ಲ. ಜೈವಿಕ ಅಂದರೆ ಒಳ್ಳೆಯದು ಅಂತ ರೈತರಿಗೆ ನಾವೇ ಹೇಳಿಕೊಟ್ಟಿದ್ದೇವೆ. ಅದರ ಹಿಂದೆ ‘ಪ್ರತಿ’ ಹಾಕಿದರೆ ಏನು ಅಂದುಕೊಳ್ಳಬೇಕು ಅವರು?

ಪಕ್ಕದ ಮಂಚದ ಅಜ್ಜಿಗೆ ‘ಕರುಳಿನ ಸೋಂಕು’ ಓದಿ ಹೇಳಿದೆ. “ಗಾಳಿ ಸೋಂಕಾ ಮಗಾ? ತಾಯತ ಕಟ್ಟಿಸಿದೀನಿ” ಅಂದರು. ನನಗೆ ಮಾತೇ ಹೊರಡಲಿಲ್ಲ. ಕೊರೊನಾ ಕಾಲದಲ್ಲಿ ‘ಸೋಂಕು’ ಪೇಪರಿನಲ್ಲಿ ದಿನಾ ಬಂತು, ನಿಜ. ಆದರೆ ಮಗುವಿನ ಹಾಸಿಗೆ ಹತ್ತಿರ ಆ ಪದಕ್ಕೆ ದೆವ್ವ ತಾಗುವ ಹಳೆಯ ಅರ್ಥವೇ ಮೊದಲು ನೆನಪಾಗುತ್ತದೆ.

ಆ್ಯಂಟಿಬಯಾಟಿಕ್ ಅಂದಾಗ? ಯಾರೂ ಏನೂ ಕೇಳಲಿಲ್ಲ. ಆ ಅಪ್ಪ ಚೀಟಿಯನ್ನೇ ತೆಗೆದು ತೋರಿಸಿದರು. ಬಿಳಿ ರಕ್ತಕಣಕ್ಕೂ ಅಲ್ಲಿ ಎಲ್ಲರೂ ಅನ್ನುವುದು ‘ಕೌಂಟ್’. “ಕೌಂಟ್ ಬಿದ್ದೈತಿ, ಅದಕ್ಕ ಕೀಮೋ ಇಂಜೆಕ್ಷನ್ ನಿಲ್ಸ್ಯಾರ” ಅಂತಾರೆ. ಮೇಷ್ಟ್ರೇ, ಇದು ಕಾಗದದಿಂದ ಇಳಿದದ್ದಲ್ಲ. ಮಕ್ಕಳ ಜೊತೆ ರಾತ್ರಿ ಕಳೆದು ಅವರೇ ಕಲಿತದ್ದು.

ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು. ಈ ಕರುಳಿನ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ವ್ಯಾಂಕೊಮೈಸಿನ್ ಕೂಡ ಆ್ಯಂಟಿಬಯಾಟಿಕ್ಕೇ. ಅದನ್ನು ಬಾಯಲ್ಲಿ ಕುಡಿಸುತ್ತಾರೆ, ಯಾಕೆಂದರೆ ನರಕ್ಕೆ ಕೊಟ್ಟರೆ ಕರುಳಿನೊಳಗೆ ಸಾಕಷ್ಟು ಸೇರುವುದಿಲ್ಲ. “ಅದರಿಂದಲೇ ಬಂದದ್ದಕ್ಕೆ ಮತ್ತೆ ಅದನ್ನೇ ಕೊಡ್ತೀರಾ?” ಅಂತ ತಾಯಂದಿರು ಕೇಳುತ್ತಾರಂತೆ. ಆ ಪ್ರಶ್ನೆ ಸರಿಯಾಗಿಯೇ ಇದೆ. ಅಂಥ ಹೊತ್ತಿನಲ್ಲಿ ಗೋಡೆ ಮೇಲೆ ‘ಕೊಲ್ಲಿ’ ಅನ್ನುವ ಪದ ಇದ್ದರೆ ನನ್ನ ಕೈಯಾರೆ ಒಂದು ಮಗುವಿಗೆ ಔಷಧಿ ತಪ್ಪಿಸಿದ ಹಾಗೆ. ಜ್ವರದ ಇಂಜೆಕ್ಷನ್ನಿಗೂ ಇದೇ ಮಾತು.

ಕದಿರಾಣು ಬೇಡ. ರಿಪೋರ್ಟಿನಲ್ಲಿ ‘ಸಿ. ಡಿಫಿಸಿಲ್’ ಅಂತ ಇರುತ್ತದೆ, ಅಪ್ಪ ಅಮ್ಮ ಅದನ್ನೇ ಹುಡುಕುತ್ತಾರೆ. ಆ ಹೆಸರಿಗೂ ಒಂದು ಕತೆ ಇದೆ. 1935ರಲ್ಲಿ ಇದು ಮೊದಲು ಸಿಕ್ಕಿದ್ದು ಎಳೆ ಕೂಸುಗಳ ಮಲದಲ್ಲಿ. ಲ್ಯಾಬಿನಲ್ಲಿ ಬೆಳೆಸಲು ಬಹಳ ಕಷ್ಟವಾಯಿತು ಅಂತ ಲ್ಯಾಟಿನ್ನಿನ ‘ಕಷ್ಟ’ ಅನ್ನುವ ಪದವನ್ನೇ ಇಟ್ಟರು. ಹೆಸರಿನ ಮೊದಲ ಅರ್ಧವನ್ನು 2016ರಲ್ಲಿ ಬದಲಾಯಿಸಿದರು. ಡಿಫಿಸಿಲ್ ಮಾತ್ರ ಉಳಿಯಿತು.

‘ಬೀಜಾಣು’ವಿನಿಂದ ‘ಅಣು’ ತೆಗೆದು ಬರೀ ‘ಬೀಜ’ ಅಂದೆ. ಮಳೆ ಬರುವ ತನಕ ಒಣಗಿ ಬಿದ್ದಿರುವ ಬೀಜದ ಹಾಗೆ ಅಂದ ಕೂಡಲೇ ರಾಯಚೂರಿನವರು ತಲೆ ಆಡಿಸಿದರು. “ಹಂಗಾದ್ರ ಒರೆಸಿದ್ರ ಹೋಗಂಗಿಲ್ಲ, ತೊಳೀಬೇಕು” ಅಂತ ಅವರೇ ಹೇಳಿದರು.

ಹಾಗಾಗಿ ಬೋರ್ಡು ಈಗ ಹೀಗಿದೆ:

“ಕೀಮೋ ಆದ ಮಗುವಿಗೆ ಜ್ವರ ಬಂದರೆ ಕಾಯಬೇಡಿ, ಕೂಡಲೇ ಸಿಸ್ಟರಿಗೆ ಹೇಳಿ. ಡಾಕ್ಟರು ಕೊಡುವ ಆ್ಯಂಟಿಬಯಾಟಿಕ್ ಬೇಡ ಅನ್ನಬೇಡಿ. ನೀವಾಗಿ ಅಂಗಡಿಯಿಂದ ತಂದು ಕೊಡಬೇಡಿ. ಆ್ಯಂಟಿಬಯಾಟಿಕ್ ನಡೆಯುವಾಗ, ಅಥವಾ ನಿಲ್ಲಿಸಿ ಕೆಲವು ವಾರದೊಳಗೆ, ನೀರಿನಂಥ ಭೇದಿ (ಜುಲಾಬು) ಆದರೆ ತಿಳಿಸಿ. ಕರುಳಿಗೆ ರೋಗಾಣು ತಗುಲಿರಬಹುದು. ಕೇಳದೆ ಭೇದಿ ನಿಲ್ಲುವ ಮಾತ್ರೆ ಕೊಡಬೇಡಿ. ಈ ರೋಗಾಣುವಿನ ಬೀಜ ಸ್ಯಾನಿಟೈಸರಿಗೆ ಸಾಯುವುದಿಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕೈ ತೊಳೆಯಿರಿ.”

‘ತಗುಲಿರಬಹುದು’ ಬಗ್ಗೆ ಇನ್ನೂ ಸ್ವಲ್ಪ ಅನುಮಾನ ಇದೆ. ಧಾರವಾಡದವರೇ, ನಿಮ್ಮ ಕಡೆ ‘ಹತ್ತಿರಬಹುದು’ ಅಂದರೆ ಬೇಗ ತಿಳಿಯುತ್ತದಾ? ಭಾನುವಾರ ರಾತ್ರಿಯೊಳಗೆ ಹೇಳಿ.

ಉತ್ತರ, ಧಾರವಾಡದಿಂದ:

ಎರಡೂ ತಿಳಿಯುತ್ತವೆ. ‘ತಗುಲಿ’ ಇರಲಿ ಮೇಡಂ.