ದೀಪಾ ಕರ್ಮಾಕರ್ ಅವರ ನಾಲ್ಕನೇ ಸ್ಥಾನ ಯಾಕೆ ಅಷ್ಟು ದೊಡ್ಡದು?

ತುಂಗಾತೀರ:
ನನ್ನ ಮಗಳಿಗೆ ಒಂಬತ್ತು ವರ್ಷ, ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಸೇರಿ ಆರು ತಿಂಗಳಾಯ್ತು. ಮೊನ್ನೆ ರಿಯೊ ಒಲಿಂಪಿಕ್ಸ್‌ನ ದೀಪಾ ಕರ್ಮಾಕರ್ ವಿಡಿಯೋ ಹಾಕಿಸಿಕೊಂಡು ನಾಲ್ಕು ಸಲ ನೋಡಿದಳು. ಕೊನೆಗೆ ಕೇಳಿದಳು, "ಅಪ್ಪಾ, ಇವರು ಇಳೀತಾ ಇದ್ದಾರಾ, ಬೀಳ್ತಾ ಇದ್ದಾರಾ?" ನನಗೂ ಗೊತ್ತಾಗಲಿಲ್ಲ. ವಾಲ್ಟ್ (ಓಡಿ ಬಂದು ಟೇಬಲ್ ಮೇಲಿಂದ ಚಿಮ್ಮುವ ಸ್ಪರ್ಧೆ) ಫೈನಲ್‌ನಲ್ಲಿ ನಾಲ್ಕನೇ ಸ್ಥಾನ, ಪದಕ ಬರಲಿಲ್ಲ, ಆದರೂ ಎಲ್ಲರೂ ಇವರ ಹೆಸರು ಹೇಳ್ತಾರೆ. ಅವರು ಮಾಡಿದ ಆ ಪ್ರೊಡುನೋವಾ ಅನ್ನೋ ವಾಲ್ಟ್‌ನಲ್ಲಿ ಅಂಥದ್ದೇನಿದೆ, ಗೊತ್ತಿರುವವರು ಬಿಡಿಸಿ ಹೇಳ್ತೀರಾ?

ಕಡ್ಲೆಮಿಠಾಯಿ:
ಒಳ್ಳೇ ಪ್ರಶ್ನೆ ಕೇಳಿದಾಳೆ ನಿಮ್ಮ ಮಗಳು. ಅವರು ಇಳೀತಾನೇ ಇದ್ದರು, ಆದರೆ ಕಷ್ಟಪಟ್ಟು.

ಓಡಿ ಬಂದು ಸ್ಪ್ರಿಂಗ್‌ಬೋರ್ಡ್ ತುಳಿದು, ವಾಲ್ಟಿಂಗ್ ಟೇಬಲ್ ಮೇಲೆ ಎರಡೂ ಕೈ ಊರಿ ಚಿಮ್ಮಿ, ಗಾಳಿಯಲ್ಲೇ ಮುಂದಕ್ಕೆ ಎರಡು ಲಾಗ ಹಾಕಿ ನಿಲ್ಲಬೇಕು. ಮುಂದಕ್ಕೆ ತಿರುಗೋದರಿಂದ ಕಾಲು ನೆಲ ಮುಟ್ಟುವ ಹೊತ್ತಿಗೆ ನೆಲ ಕಣ್ಣಿಗೆ ಬೀಳುವುದೇ ಇಲ್ಲ, ಅಂದಾಜಿನ ಮೇಲೆ ಇಳೀಬೇಕು. ಎರಡನೇ ಲಾಗ ಪೂರ್ತಿ ಆಗದಿದ್ದರೆ ಕುತ್ತಿಗೆಗೆ ಅಪಾಯ. ರಷ್ಯಾದ ಯೆಲೆನಾ ಪ್ರೊಡುನೋವಾ 1999ರಲ್ಲಿ ಮೊದಲು ಮಾಡಿ ತೋರಿಸಿದ್ದು. ಆಮೇಲೆ ಮಾಡಿದ ಹೆಂಗಸರನ್ನು ಬೆರಳಲ್ಲೇ ಎಣಿಸಬಹುದು.

ರಿಯೊ ಫೈನಲ್‌ನಲ್ಲಿ ದೀಪಾ ಇಳಿದಾಗ ಮಂಡಿ ಪೂರ್ತಿ ಮಡಚಿ, ಕೂತೇಬಿಟ್ಟರೇನೋ ಅನ್ನುವಷ್ಟು ಕೆಳಗೆ ಹೋದರು. ನಿಮ್ಮ ಮಗಳು ನೋಡಿದ್ದು ಅದನ್ನೇ. ಅಂಕದಲ್ಲೂ ಅದು ಕಾಣುತ್ತೆ. ಪ್ರೊಡುನೋವಾದ ಕಷ್ಟಕ್ಕೆ 7.0, ಮಾಡಿದ ರೀತಿಗೆ 8.266. ಅದಕ್ಕೂ ಮೊದಲು ಮಾಡಿದ ತ್ಸುಕಹಾರ ಅನ್ನೋ ಇನ್ನೊಂದು ವಾಲ್ಟ್‌ಗೆ ಕಷ್ಟದ ಅಂಕ 6.0, ರೀತಿಗೆ 8.866. ಎರಡೂ ವಾಲ್ಟ್‌ಗಳ ಒಟ್ಟು ಅಂಕದ ಸರಾಸರಿ 15.066, ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಸ್ಟೈನ್‌ಗ್ರೂಬರ್‌ಗೆ 15.216. ಅಂತರ 0.15! ಇವತ್ತಿಗೂ ಆ ಸಂಖ್ಯೆ ನೋಡಿದರೆ ಹೊಟ್ಟೆ ಉರಿಯುತ್ತೆ.

ರಾತ್ರಿಪಾಳಿ:
ಅದು 2016ರ ಆಗಸ್ಟ್ 14ರ ರಾತ್ರಿ, ಮಾರನೇ ದಿನ ಸ್ವಾತಂತ್ರ್ಯ ದಿನ. ಆವತ್ತು ನಿದ್ದೆ ಬರಲಿಲ್ಲ ನನಗೆ.

ಆದರೆ ರಿಯೊಗೆ ಹೋದದ್ದೇ ಒಂದು ಗೆಲುವು ಅಲ್ವಾ? ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಮಹಿಳಾ ಜಿಮ್ನಾಸ್ಟ್ ಅವರು. ಗಂಡಸರನ್ನೂ ಸೇರಿಸಿ ಹೇಳಿದರೆ 52 ವರ್ಷ ಯಾರೂ ಹೋಗಿರಲಿಲ್ಲ. ಅಗರ್ತಲಾದ ಹುಡುಗಿ, ಅದೂ ಚಪ್ಪಟೆ ಪಾದ. ಇಂಥ ಪಾದಕ್ಕೆ ಓಟದಲ್ಲೂ ಚಿಮ್ಮೋದರಲ್ಲೂ ತೊಂದರೆ, ಇಳಿಯುವಾಗಂತೂ ಇನ್ನೂ ಜಾಸ್ತಿ. ಕೋಚ್ ಬಿಶ್ವೇಶ್ವರ್ ನಂದಿ ವರ್ಷಗಟ್ಟಲೆ ಆ ಪಾದದ ಮೇಲೆ ಕೆಲಸ ಮಾಡಿದರು. ಶುರುವಿನಲ್ಲಿ ಸರಿಯಾದ ಸಲಕರಣೆ ಇರಲಿಲ್ಲ, ಹಳೇ ಸ್ಕೂಟರಿನ ಬಿಡಿಭಾಗ ಜೋಡಿಸಿಕೊಂಡು ಅಭ್ಯಾಸ ಮಾಡಿಸಿದ್ದರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನ ಕಂಚು ಬಂದದ್ದು ಅಂಥ ಜಾಗದಿಂದ.

ಬೆಳಗಾವಿ ಕುಂದಾ:
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಎಲ್ಲರೂ ಪ್ರೊಡುನೋವಾ ಒಂದನ್ನೇ ಹಿಡಿದುಕೊಂಡರೆ ಮಕ್ಕಳಿಗೆ "ಪ್ರಾಣ ಪಣಕ್ಕಿಟ್ಟರೇ ದೊಡ್ಡವರು" ಅನ್ನಿಸಿಬಿಡುತ್ತೆ. ನನಗೆ ದೀಪಾ ಇಷ್ಟ ಆಗೋದು ಅದರ ನಂತರದ ವರ್ಷಗಳಿಗೆ. 2017ರಲ್ಲಿ ಮಂಡಿಯ ಆಪರೇಷನ್ ಆಯ್ತು. 2018ರಲ್ಲಿ ವಾಪಸ್ ಬಂದು, ಟರ್ಕಿಯ ಮರ್ಸಿನ್‌ನಲ್ಲಿ ಪ್ರೊಡುನೋವಾ ಬಿಟ್ಟು ಬೇರೆ ವಾಲ್ಟ್ ಹಾಕಿ ವರ್ಲ್ಡ್ ಚಾಲೆಂಜ್ ಕಪ್ ಚಿನ್ನ ಗೆದ್ದರು. ಆಮೇಲೆ ಡೋಪಿಂಗ್ ಪರೀಕ್ಷೆಯಲ್ಲಿ ಹೈಜೆನಮೈನ್ ಅನ್ನೋ ನಿಷೇಧಿತ ಪದಾರ್ಥ ಸಿಕ್ಕಿ 21 ತಿಂಗಳ ನಿಷೇಧ. ಅದನ್ನು ಮುಚ್ಚಿಡಬಾರದು, ಅವರ ಕಥೆ ಹೇಳುವಾಗ ಇದನ್ನೂ ಹೇಳಬೇಕು. 2023ರಲ್ಲಿ ನಿಷೇಧ ಮುಗಿಯಿತು. ಆಗ ವಯಸ್ಸು ಮೂವತ್ತರ ಹತ್ತಿರ, ಬೇರೆಯವರಾಗಿದ್ದರೆ ಮನೆಯಲ್ಲಿ ಕೂರುತ್ತಿದ್ದರು. ಇವರು 2024ರ ಮೇನಲ್ಲಿ ತಾಷ್ಕೆಂಟ್‌ಗೆ ಹೋಗಿ 13.566 ಅಂಕದೊಂದಿಗೆ ಏಷ್ಯನ್ ಚಾಂಪಿಯನ್‌ಷಿಪ್ ಚಿನ್ನ ತಂದರು. ಆ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಿವೃತ್ತಿ.

ತಾಷ್ಕೆಂಟ್ ವಿಡಿಯೋನೂ ತೋರಿಸಿ ಮಗಳಿಗೆ.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ಕುಂದಾ ಅವರೇ, ತೋರಿಸಿದೆ. ಸ್ಕೂಟರಿನ ವಿಷಯ ಕೇಳಿ ಕೆಳಗಿಳಿದು ನಮ್ಮ ಗಾಡಿಯನ್ನೇ ಒಂದು ಸುತ್ತು ನೋಡಿಕೊಂಡು ಬಂದಳು. ಈಗ ಚಾಪೆ ಹಾಸಿಕೊಂಡು ಇಳಿಯೋದೊಂದನ್ನೇ ಅಭ್ಯಾಸ ಮಾಡ್ತಾ ಇದ್ದಾಳೆ, ಮಂಡಿ ಎಷ್ಟು ಮಡಚಬೇಕು ಅಂತ ನನ್ನನ್ನು ಕೇಳ್ತಾಳೆ. ಅದನ್ನು ನಿನ್ನ ಕೋಚ್ ಹತ್ತಿರ ಕೇಳು ಅಂದಿದ್ದೀನಿ.