ಸಹಾಯ ಬೇಕು: ಎರಡನೇ ಬಾಡಿಗೆ ಫ್ಲಾಟ್‌ಗೆ ಸಾಲ, ತಿಂಗಳ ಕೊರತೆ ತುಂಬುವುದು ಹೇಗೆ?

ಬೆಂಗಳೂರಿನಲ್ಲಿ 60 ಲಕ್ಷದ ಫ್ಲಾಟ್ ನೋಡಿದ್ದೇನೆ, ಬಾಡಿಗೆಗೆ ಕೊಡಲು. ಬ್ಯಾಂಕ್ ಶೇ. 80, ಅಂದರೆ 48 ಲಕ್ಷ ಕೊಡುತ್ತದೆ. 8.5% ಬಡ್ಡಿ, 20 ವರ್ಷ, ಇಎಂಐ ಸುಮಾರು 41,650. ಮುದ್ರಾಂಕ ಶುಲ್ಕ, ನೋಂದಣಿ ಸೇರಿ ಇನ್ನೂ ನಾಲ್ಕೂವರೆ ಲಕ್ಷ. ಅದಕ್ಕೆ ಸಾಲ ಸಿಗದು, ಕೈಯಿಂದಲೇ ಹಾಕಬೇಕು.

ಬಾಡಿಗೆ 18,000. ವರ್ಷಕ್ಕೆ ಒಂದು ತಿಂಗಳು ಖಾಲಿ, ನಿರ್ವಹಣೆ ತಿಂಗಳಿಗೆ 2,500, ಆಸ್ತಿ ತೆರಿಗೆ ವರ್ಷಕ್ಕೆ 6,000 ಅಂತ ಹಿಡಿದರೆ ತಿಂಗಳಿಗೆ ಉಳಿಯುವುದು 13,500. ತಿಂಗಳಿಗೆ 28,000 ಕೊರತೆ! ಮೊದಲ ಮನೆಯ ಬಾಡಿಗೆಯಿಂದ ಅದರ ಇಎಂಐ ಕಳೆದು 1,500 ಮಾತ್ರ ಮಿಗುತ್ತದೆ.

ಅವಧಿ 25 ವರ್ಷ ಮಾಡಿದರೆ ಇಎಂಐ ಬರೀ 3,000 ಇಳಿಯುತ್ತದೆ, ಐದು ವರ್ಷ ಹೆಚ್ಚು ಕಟ್ಟಬೇಕು. ಆದಾಯ ತೆರಿಗೆಯಲ್ಲೂ ನೆಮ್ಮದಿಯಿಲ್ಲ: ಹೊಸ ಪದ್ಧತಿಯಲ್ಲಿ ಮನೆ ಬಾಬ್ತಿನ ನಷ್ಟವನ್ನು (ಬಾಡಿಗೆಗಿಂತ ಸಾಲದ ಬಡ್ಡಿ ಹೆಚ್ಚಾದಾಗ ಬರುವುದು) ಸಂಬಳದಿಂದ ಕಳೆಯಲಾಗದು, ಹಳೆಯದರಲ್ಲಿ 2 ಲಕ್ಷದ ಮಿತಿ.

ಗೊತ್ತಿರುವವರು ದಯವಿಟ್ಟು ಹೇಳಿ:
ಸಾಲದ ಅರ್ಹತೆ ಲೆಕ್ಕಕ್ಕೆ ಬ್ಯಾಂಕ್‌ಗಳು ಬಾಡಿಗೆಯ ಎಷ್ಟು ಪಾಲು ಪರಿಗಣಿಸುತ್ತವೆ? ನೋಂದಾಯಿತ ಕರಾರು ಕೇಳುತ್ತಾರೆಯೇ?
ಮೊದಲ ಮನೆ ಮೇಲೆ ಟಾಪ್-ಅಪ್ (ಇರುವ ಗೃಹಸಾಲದ ಮೇಲೆ ಹೆಚ್ಚುವರಿ ಸಾಲ) ತೆಗೆದು ಹೊಸ ಫ್ಲಾಟ್‌ನ ಮುಂಗಡ ಕಟ್ಟುವುದು ಜಾಣತನವೇ? ನನಗೇನೋ ಅದು ಎರಡೂ ಮನೆಯನ್ನು ಒಟ್ಟಿಗೆ ಸಿಕ್ಕಿಸುವ ದಾರಿ ಅನ್ನಿಸುತ್ತದೆ.
ಆರು ತಿಂಗಳ ಇಎಂಐಯಷ್ಟು ಹಣವನ್ನು ಓವರ್‌ಡ್ರಾಫ್ಟ್ ಗೃಹಸಾಲದ (ಖಾತೆಯಲ್ಲಿಟ್ಟ ಹಣದಷ್ಟು ಸಾಲಕ್ಕೆ ಬಡ್ಡಿ ಬೀಳದ, ಬೇಕಾದಾಗ ಆ ಹಣ ತೆಗೆಯಬಹುದಾದ ಸಾಲ) ಖಾತೆಯಲ್ಲಿ ಇಟ್ಟರೆ, ಹೆಚ್ಚುವರಿ ಬಡ್ಡಿದರ ಕೊಟ್ಟೂ ಲಾಭವೇ?